28 ಅಂತ ತೋರಿಸಿ ತಣ್ಣಗೆ ಊದುತ್ತಿದ್ದ ಕಾರು: ಐದು ಭಾನುವಾರಗಳ ರಿಪೇರಿ ಲೆಕ್ಕ

ಮೊದಲು ಗಾಡಿಯ ಜಾತಕ ಹೇಳಿಬಿಡುತ್ತೇನೆ. 2011ರ ಪೆಟ್ರೋಲ್ ಸೆಡಾನ್. 1 ಲಕ್ಷ 32 ಸಾವಿರ ಕಿಲೋಮೀಟರ್ ಓಡಿದೆ. ಮೂರು ವರ್ಷದ ಹಿಂದೆ ಚೆನ್ನೈನವರೊಬ್ಬರಿಂದ ಸೆಕೆಂಡ್ ಹ್ಯಾಂಡ್ ತೆಗೆದುಕೊಂಡದ್ದು. ಎಸಿ ಆಟೋಮ್ಯಾಟಿಕ್. ಅಂದರೆ ನಾವು ಬರೀ ಡಿಗ್ರಿ ಹೇಳುವುದು, ಬಿಸಿಗಾಳಿ ಎಷ್ಟು, ತಣ್ಣನೆಯದು ಎಷ್ಟು, ಫ್ಯಾನ್ ಎಷ್ಟು ಜೋರು ಅನ್ನುವುದನ್ನು ಅದೇ ನೋಡಿಕೊಳ್ಳಬೇಕು. ಕಂಪನಿಯ ಹೆಸರು ಹಾಕುವುದಿಲ್ಲ. ತಪ್ಪು ಗಾಡಿಯದ್ದಲ್ಲ, ಅದರ ಮೇಲೆ ಕೈ ಇಟ್ಟವರದ್ದು. ಆ ಪಟ್ಟಿಯಲ್ಲಿ ನಾನೂ ಇದ್ದೇನೆ.

ಮನೆ ತಮಿಳುನಾಡಿನ ತಳಿ ಹತ್ತಿರ, ಕೆಲಸ ಹೊಸೂರಿನ ಕೈಗಾರಿಕಾ ಪ್ರದೇಶ ಸಿಪ್ಕಾಟ್‌ನಲ್ಲಿ. ಮೊದಲ ಶಿಫ್ಟ್ ಬೆಳಿಗ್ಗೆ 6ಕ್ಕೆ. 5 ಗಂಟೆಗೆಲ್ಲ ಮನೆ ಬಿಡಬೇಕು, ದಾರಿಯಲ್ಲಿ ಮೂವರು ಹತ್ತುತ್ತಾರೆ. "ತಮಿಳುನಾಡಲ್ಲಿ ಕಾರಿಗೆ ಹೀಟರ್ ಯಾಕಪ್ಪ" ಅಂತ ನಗುವವರು ಧನುರ್ಮಾಸದಲ್ಲಿ ಒಂದು ದಿನ ನಮ್ಮ ಕಡೆ ಬಂದು ನೋಡಬೇಕು. ತಳಿ ಸಮುದ್ರ ಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದಲ್ಲಿದೆ. ಬ್ರಿಟಿಷರು ಇದನ್ನು ಲಿಟಲ್ ಇಂಗ್ಲೆಂಡ್ ಅಂತ ಸುಮ್ನೆ ಕರೆದಿಲ್ಲ. ಡಿಸೆಂಬರ್ ಬೆಳಗಿನ ಜಾವ 12, 13 ಡಿಗ್ರಿ ಮಾಮೂಲು. ಚಳಿಯನ್ನು ಸ್ವೆಟರ್ ಹಾಕಿ ತಡೆದುಕೊಳ್ಳಬಹುದು. ನಾಲ್ಕು ಜನರ ಉಸಿರಿಗೆ ಮುಂದಿನ ಗಾಜು ಒಳಗಿನಿಂದ ಬೆಳ್ಳಗಾದರೆ ಏನು ಮಾಡುವುದು?

ಡಿಸೆಂಬರ್ ಎರಡನೇ ವಾರ ಆದದ್ದು ಅದೇ. 28 ಡಿಗ್ರಿ ಇಟ್ಟರೂ ಬರುತ್ತಿದ್ದದ್ದು ತಣ್ಣನೆ ಗಾಳಿ. ಮೊದಲ ಹತ್ತು ನಿಮಿಷ ಫ್ಯಾನ್ ಮೆಲ್ಲಗೆ ನರಳುತ್ತಿತ್ತು. ಆಮೇಲೆ ಸ್ವಲ್ಪ ಉಗುರು ಬೆಚ್ಚಗೆ, ಮತ್ತೆ ತಣ್ಣಗೆ. ಪಕ್ಕದಲ್ಲಿ ಕೂತವರು ಪೇಪರ್ ಹಿಡಿದು ಗಾಜು ಒರೆಸುವುದು, ನಾನು ಓಡಿಸುವುದು. ಮತ್ತಿಗಿರಿ ಹತ್ತಿರ ಹೂವಿನ ಟೆಂಪೋ ಒಂದು ಕೈಯಳತೆಯಲ್ಲಿ ತಪ್ಪಿತು. ಅವತ್ತೇ ನಿರ್ಧಾರ ಮಾಡಿದೆ, ಸಂಕ್ರಾಂತಿಯೊಳಗೆ ಇದನ್ನು ಸರಿ ಮಾಡಲೇಬೇಕು.

ಗ್ಯಾರೇಜಿನಲ್ಲಿ ಕೇಳಿದೆ. "ಸೆನ್ಸರ್ ಹೋಗಿರತ್ತಣ್ಣಾ, ಡ್ಯಾಶ್ ಪೂರ್ತಿ ಬಿಚ್ಚಬೇಕು, 18 ಸಾವಿರ ಆಗತ್ತೆ" ಅಂದ. ಬಾನೆಟ್ ಎತ್ತಿಯೂ ನೋಡಿರಲಿಲ್ಲ. ನಾನು ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ಕೆಲಸದವನು. ಮನೆಯಲ್ಲೇ ನೋಡೋಣ ಅನ್ನಿಸಿತು. ಆ ಧೈರ್ಯಕ್ಕೆ ಮೊದಲು ದಂಡ ಕಟ್ಟಿದೆ, ಆಮೇಲೆ ಲಾಭ ಬಂತು.

ಡಿಸೆಂಬರ್ 15, ಭಾನುವಾರ. ಕೋಡ್ ನೋಡಿ ಮೋಸ ಹೋದದ್ದು

ಈ ಗಾಡಿಯಲ್ಲಿ ಎಸಿಗೇ ಒಂದು ಸ್ವಯಂ ತಪಾಸಣೆ ಇದೆ. ಆಟೋ ಬಟನ್ ಮತ್ತು ಒಳಗಾಳಿ-ಹೊರಗಾಳಿ ಬದಲಿಸುವ ಬಟನ್ ಎರಡನ್ನೂ ಒತ್ತಿ ಹಿಡಿದು ಕೀ ತಿರುಗಿಸಿದರೆ ದೀಪಗಳೆಲ್ಲ ಕೆಲವು ಸಲ ಮಿನುಗಿ, ಡಿಗ್ರಿ ತೋರಿಸುವ ಜಾಗದಲ್ಲೇ ಕೋಡ್ ಬರುತ್ತದೆ. ಏನೂ ದೋಷ ಇಲ್ಲದಿದ್ದರೆ 00. ಪೂರ್ತಿ ಉಚಿತ, ಯಾವ ಉಪಕರಣವೂ ಬೇಡ.

ಬೆಳಿಗ್ಗೆ 5:30ಕ್ಕೇ ಶೆಡ್ಡಿನಲ್ಲಿ ಕೂತು ನೋಡಿದೆ. 21 ಬಂತು. ಹುಡುಕಿದರೆ ಅದು ಬಿಸಿಲಿನ ಸೆನ್ಸರ್, ಡ್ಯಾಶ್ ಮೇಲೆ ಗಾಜಿನ ಹತ್ತಿರ ಇರುವ ಕಪ್ಪು ಗುಂಡಿ. ಸಿಕ್ಕಿಬಿಟ್ಟ ಕಳ್ಳ ಅಂದುಕೊಂಡೆ. ಅದನ್ನು ಮೀಟಿ ತೆಗೆದು, ವೈರ್ ನೋಡಿ, ಕನೆಕ್ಟರ್ ಕ್ಲೀನ್ ಮಾಡಿ, ಮತ್ತೆ ಹಾಕಿ... 9 ಗಂಟೆ ಆಯಿತು. ತಿಂಡಿ ತಿಂದು ಬಂದು ಗಾಡಿಯನ್ನು ಹೊರಗೆ ಬಿಸಿಲಿಗೆ ತಂದು ಮತ್ತೆ ನೋಡಿದರೆ 00. ನಾನು ಸರಿ ಮಾಡಿದ್ದಲ್ಲ. ಕತ್ತಲಲ್ಲಿ ನೋಡಿದರೆ ಆ ಕೋಡ್ ಬಂದೇ ಬರುತ್ತದೆ, ಯಾಕಂದರೆ ಬಿಸಿಲೇ ಇಲ್ಲ! ಸಂಜೆ ಮತ್ತೆ ಶೆಡ್ಡಿಗೆ ಹಾಕಿ ನೋಡಿದೆ, 21. ಹಳೇ ಅರವತ್ತು ವಾಟ್ ಬಲ್ಬನ್ನು ಗಾಜಿನ ಹತ್ತಿರ ಹಿಡಿದೆ, 00. ಮೂರೂವರೆ ಗಂಟೆ ಹೋಯಿತು.

ಕೋಡ್ ಏನೂ ಇಲ್ಲ ಅಂದ ಮೇಲೆ ಯೋಚನೆ ಮಾಡಬೇಕಿತ್ತು. ನಾನು ಯೋಚಿಸಲಿಲ್ಲ, ವಿಡಿಯೋ ನೋಡಿದೆ. ಹತ್ತರಲ್ಲಿ ಎಂಟು ವಿಡಿಯೋ ಹೇಳಿದ್ದು ಒಂದೇ: ಬಿಸಿ-ತಣ್ಣನೆ ಗಾಳಿ ಬೆರೆಸುವ ಫ್ಲಾಪ್ ಇರುತ್ತದೆ, ಅದನ್ನು ತಿರುಗಿಸುವ ಸಣ್ಣ ಮೋಟಾರಿನ ಪ್ಲಾಸ್ಟಿಕ್ ಹಲ್ಲು ಮುರಿದಿರುತ್ತದೆ, ಬದಲಾಯಿಸಿ. ಅವತ್ತು ರಾತ್ರಿಯೇ 2,650 ರೂಪಾಯಿ ಕಟ್ಟಿ ಆರ್ಡರ್ ಮಾಡಿದೆ. ಈ ಇಡೀ ಕೆಲಸದ ಅತಿ ದೊಡ್ಡ ತಪ್ಪು ಇದೇ.

ಡಿಸೆಂಬರ್ 22, ಭಾನುವಾರ. ಬೇಡದ ಮೋಟಾರು

ಮೋಟಾರು ಇರುವುದು ಡ್ಯಾಶಿನ ಕೆಳಗೆ, ಪೆಡಲ್‌ಗಳ ಮೇಲ್ಭಾಗದಲ್ಲಿ ಪಕ್ಕಕ್ಕೆ. ಮೂರೇ ಸ್ಕ್ರೂ. ಆ ಮೂರಕ್ಕೆ ನಾಲ್ಕು ಗಂಟೆ ಬೇಕಾಯಿತು. ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿ, ತಲೆ ಪೆಡಲ್ ಹತ್ತಿರ, ಕಾಲು ಹಿಂದಿನ ಸೀಟಿನ ಮೇಲೆ. ಅಮ್ಮ ಬಂದು ನೋಡಿ "ಏನಪ್ಪಾ ಇದು, ಬಾವಲಿ ಹಂಗೆ" ಅಂದರು. ಸಣ್ಣ ಸ್ಕ್ರೂಡ್ರೈವರ್ ಆ ಸಂದಿಗೆ ಹೋಗಲಿಲ್ಲ. ಗಿಡ್ಡ ಹಿಡಿಯದ್ದು ತರಿಸಿದೆ, 90 ರೂಪಾಯಿ. ಅಡಿಯ ಕವರಿನ ಒಂದು ಕ್ಲಿಪ್ ಮುರಿದೆ.

ಹೊಸ ಮೋಟಾರು ಹಾಕಿ ಸ್ಟಾರ್ಟ್ ಮಾಡಿ 25 ನಿಮಿಷ ಓಡಿಸಿದೆ. ಅದೇ ತಣ್ಣನೆ ಗಾಳಿ.

ಆಗ ಬುದ್ಧಿ ಬಂತು. ಹಳೇ ಮೋಟಾರನ್ನೇ ಕನೆಕ್ಟರಿಗೆ ಸಿಕ್ಕಿಸಿ ಕೈಯಲ್ಲಿ ಹಿಡಿದುಕೊಂಡು, ಮಗನಿಗೆ ಗುಂಡಿ ಒತ್ತಲು ಹೇಳಿದೆ. ಅತಿ ತಣ್ಣಗೆ ಇಟ್ಟರೆ ಒಂದು ತುದಿ, ಅತಿ ಬಿಸಿಗೆ ಇಟ್ಟರೆ ಇನ್ನೊಂದು ತುದಿ. ಬೆಣ್ಣೆ ಹಾಗೆ ತಿರುಗಿತು. ಕಟಕಟ ಸದ್ದಿಲ್ಲ, ಜಾರುವುದಿಲ್ಲ. ಬಿಚ್ಚುವ ಮೊದಲೇ ಟಾರ್ಚ್ ಬಿಟ್ಟು ಅದರ ತೋಳು ಅಲ್ಲಾಡುತ್ತದಾ ಅಂತ ನೋಡಿದ್ದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಹಳೆಯದನ್ನೇ ವಾಪಸ್ ಹಾಕಿದೆ. ಹೊಸದನ್ನು ಹಿಂದಿರುಗಿಸಲು ಹೋದರೆ ಪ್ಯಾಕೆಟ್ ಹರಿದಿದೆ ಅಂತ ತೆಗೆದುಕೊಳ್ಳಲಿಲ್ಲ. ಅದೀಗ ಬೀರುವಿನಲ್ಲಿ ಮದುವೆ ಆಲ್ಬಮ್ ಪಕ್ಕ ಕೂತಿದೆ.

ಡಿಸೆಂಬರ್ 23ರಿಂದ 28. ಅಳತೆ ಶುರು

ಕಾರ್ಖಾನೆಯಲ್ಲಿ ಮೆಷಿನ್ ನಿಂತರೆ ನಾವು ಮೊದಲು ಅಳತೆ ತೆಗೆಯುತ್ತೇವೆ. ಸ್ವಂತ ಕಾರಿನ ವಿಷಯದಲ್ಲಿ ಮಾತ್ರ ಆ ಅಭ್ಯಾಸ ಎಲ್ಲಿ ಹೋಗಿತ್ತೋ.

ಗಾಡಿಯ ಕಂಪ್ಯೂಟರಿನ ಮಾಹಿತಿ ಸಿಗುವ ಒಬಿಡಿ ಸಾಕೆಟ್ಟಿಗೆ ಸಿಕ್ಕಿಸುವ ಬ್ಲೂಟೂತ್ ಡಾಂಗಲ್ ತರಿಸಿದೆ, 550 ರೂಪಾಯಿ. ಫೋನಿನಲ್ಲಿ ಎಂಜಿನ್ ನೀರಿನ ಶಾಖ ಕಾಣುತ್ತದೆ. ಆ ಬಿಸಿನೀರು ಡ್ಯಾಶಿನೊಳಗಿನ ಹೀಟರ್ ಕಾಯಿಲ್ ಮೂಲಕ ಹರಿದಾಗಲೇ ಗಾಳಿ ಬಿಸಿಯಾಗುವುದು. ಮಂಗಳವಾರ ಬೆಳಗಿನ ಲೆಕ್ಕ ಹೀಗಿದೆ:

5:02, ಮನೆ ಮುಂದೆ: 14 ಡಿಗ್ರಿ.
5:15, ಓಡುತ್ತಾ: 52.
5:25, ಖಾಲಿ ರಸ್ತೆ, ಗಂಟೆಗೆ 60 ಕಿ.ಮೀ.: 63.
5:32, ಅದೇ ವೇಗ: 61. ಏರಬೇಕಾದದ್ದು ಇಳಿಯಿತು!
5:45, ಹೊಸೂರು ಸಿಗ್ನಲ್ಲಿನಲ್ಲಿ ನಿಂತಾಗ: 74.
5:50, ಸಿಪ್ಕಾಟ್ ಗೇಟ್: 77.

ಓಡುವಾಗ ಇಳಿಯುತ್ತದೆ, ನಿಂತಾಗ ಏರುತ್ತದೆ. ಗಾಡಿ ಓಡಿದಾಗ ರೇಡಿಯೇಟರಿಗೆ ಗಾಳಿ ಜಾಸ್ತಿ ಸಿಗುತ್ತದೆ ಅಲ್ವಾ, ಅಂದರೆ ನೀರು ಯಾವಾಗಲೂ ರೇಡಿಯೇಟರ್ ಸುತ್ತಿ ಬರುತ್ತಿದೆ. ಎಂಜಿನ್ ಬಿಸಿಯಾಗುವವರೆಗೆ ಆ ದಾರಿ ಮುಚ್ಚಿಟ್ಟು ಕಾಯಬೇಕಾದ ಥರ್ಮೋಸ್ಟಾಟ್ ತೆರೆದೇ ಕೂತಿದೆ. ಮೀಟರಿನಲ್ಲಿ ಮುಳ್ಳು ಮೂರು ವರ್ಷದಿಂದ ಮಧ್ಯಕ್ಕಿಂತ ಒಂದು ಗೆರೆ ಕೆಳಗೇ ಇತ್ತು. "ನಮ್ಮ ಎಂಜಿನ್ ತಂಪು ಗುಣದ್ದು" ಅಂತ ಹೆಮ್ಮೆಪಟ್ಟಿದ್ದೆ ಬೇರೆ.

ಮೊದಲ ಹತ್ತು ನಿಮಿಷ ಫ್ಯಾನ್ ನರಳುತ್ತಿದ್ದುದಕ್ಕೂ ಇಲ್ಲೇ ಉತ್ತರ ಸಿಕ್ಕಿತು. ಆಟೋದಲ್ಲಿಟ್ಟರೆ, ನೀರು ಬಿಸಿಯಾಗುವ ತನಕ ತಣ್ಣನೆ ಗಾಳಿ ಮುಖಕ್ಕೆ ಹೊಡೆಯಬಾರದು ಅಂತ ಅದು ಬೇಕಂತಲೇ ಫ್ಯಾನನ್ನು ತಡೆದು ಹಿಡಿಯುತ್ತದೆ. ಫ್ಯಾನ್ ಸರಿಯಾಗಿಯೇ ಇತ್ತು. ನಾನು ಅದರ ಬೆಲೆಯನ್ನೂ ವಿಚಾರಿಸಿಟ್ಟಿದ್ದೆ.

ಆಮೇಲೆ ಹೋಸ್ ಪೈಪ್ ಪರೀಕ್ಷೆ. ಎಂಜಿನ್ನಿಗೂ ಕ್ಯಾಬಿನ್ನಿಗೂ ನಡುವಿನ ಗೋಡೆಯಿಂದ ಎರಡು ಸಣ್ಣ ಪೈಪ್ ಬಂದಿರುತ್ತವೆ. ಹೀಟರ್ ಕಾಯಿಲ್‌ಗೆ ನೀರು ಹೋಗುವುದು ಒಂದು, ಬರುವುದು ಒಂದು. ಎರಡೂ ಚೆನ್ನಾಗಿ ಬಿಸಿ ಇದ್ದು ಗಾಳಿ ತಣ್ಣಗಿದ್ದರೆ ಫ್ಲಾಪ್ ಕಡೆ ನೋಡಬೇಕು. ಒಂದು ಬಿಸಿ ಒಂದು ತಣ್ಣಗಿದ್ದರೆ ಕಾಯಿಲ್ ಕಟ್ಟಿದೆ. ಎರಡೂ ಉಗುರು ಬೆಚ್ಚಗಿದ್ದರೆ ಎಂಜಿನ್ನೇ ಬಿಸಿಯಾಗುತ್ತಿಲ್ಲ, ಇಲ್ಲವೇ ನೀರು ಕಡಿಮೆ, ಇಲ್ಲವೇ ಒಳಗೆ ಗಾಳಿ ಸೇರಿದೆ. 2,650 ರೂಪಾಯಿ ಕಳೆಯುವ ಮೊದಲು ಈ ಎರಡು ಪೈಪ್ ಮುಟ್ಟಿ ನೋಡಬೇಕಿತ್ತು.

ಅಳೆಯಲು ಮನೆಯಲ್ಲಿದ್ದ ಕೋವಿಡ್ ಕಾಲದ ಹಣೆ ಥರ್ಮಾಮೀಟರ್ ಗನ್ ಹಿಡಿದೆ. ನಗಬೇಡಿ. ಅದಕ್ಕೆ ಗೊತ್ತಿರುವುದು ಮನುಷ್ಯರ ಜ್ವರ ಮಾತ್ರ. 43ರ ಹತ್ತಿರ ಹೋದರೆ ಬರೀ 'ಹೈ' ಅಂತ ಕಿರುಚುತ್ತದೆ. ಕೊನೆಗೆ ಕಾರ್ಖಾನೆಯಿಂದ ಕೇಳಿಕೊಂಡು ಇನ್ಫ್ರಾರೆಡ್ ಗನ್ ತಂದೆ. ಹೋಗುವ ಪೈಪ್ 58, ಬರುವ ಪೈಪ್ 39. ಡ್ಯಾಶಿನ ಮಧ್ಯದ ಕಿಂಡಿಗೆ 250 ರೂಪಾಯಿಯ ಕಡ್ಡಿ ಥರ್ಮಾಮೀಟರ್ ತೂರಿಸಿದೆ, ಗಾಳಿ 25. ನೀರು ಬಿಸಿಯಾಗುತ್ತಿಲ್ಲ ಅನ್ನುವುದು ಖಾತ್ರಿ. ಆದರೆ ಆ 19 ಡಿಗ್ರಿ ವ್ಯತ್ಯಾಸ ಯಾಕೋ ಜಾಸ್ತಿ ಅನ್ನಿಸಿತು. ಪುಸ್ತಕದಲ್ಲಿ ಬರೆದಿಟ್ಟೆ.

ಶನಿವಾರ ಶಿಫ್ಟ್ ಮುಗಿಸಿ ಬೆಂಗಳೂರಿನ ಜೆ.ಸಿ. ರಸ್ತೆಗೆ ಹೋಗಿ ಥರ್ಮೋಸ್ಟಾಟ್ ತಂದೆ. ರಬ್ಬರ್ ರಿಂಗ್ ಸೇರಿ 1,150. ಅದರ ಮೇಲೆ 82 ಅಂತ ಕೊರೆದಿತ್ತು, ಅಂದರೆ 82 ಡಿಗ್ರಿಯ ಹತ್ತಿರ ತೆರೆಯಲು ಶುರು ಮಾಡುತ್ತದೆ.

ಡಿಸೆಂಬರ್ 29, ಭಾನುವಾರ. ಖಾಲಿ ಮನೆ

ಹಾಕುವ ಮೊದಲು ಹೊಸದನ್ನು ಪರೀಕ್ಷೆ ಮಾಡಿದೆ. ಪಾತ್ರೆಯಲ್ಲಿ ನೀರು, ಥರ್ಮೋಸ್ಟಾಟನ್ನು ದಾರ ಕಟ್ಟಿ ತೂಗುಬಿಟ್ಟದ್ದು, ಕಡ್ಡಿ ಥರ್ಮಾಮೀಟರ್ ತಳಕ್ಕೆ ತಾಗದಂತೆ. 81ಕ್ಕೆ ಕೂದಲೆಳೆಯಷ್ಟು ಬಾಯಿಬಿಟ್ಟಿತು. 94ಕ್ಕೆ ಸುಮಾರು 9 ಮಿ.ಮೀ. ತೆರೆಯಿತು. ನಮ್ಮ ಎತ್ತರಕ್ಕೆ ನೀರು 97ರ ಆಸುಪಾಸಿನಲ್ಲೇ ಕುದಿಯುತ್ತದೆ, ಅದಕ್ಕಿಂತ ಮೇಲೆ ಈ ಪಾತ್ರೆಯಲ್ಲಿ ನೋಡುವ ಹಾಗಿಲ್ಲ. ಇಷ್ಟು ಸಾಕು. ಪಾತ್ರೆ ಮಾತ್ರ ಅಡುಗೆಮನೆಗೆ ವಾಪಸ್ ಹೋಗಲಿಲ್ಲ. "ಅದು ಇನ್ನು ನಿಮ್ಮದೇ, ಇಟ್ಕೊಳ್ಳಿ" ಅಂದಳು ಹೆಂಡತಿ.

ಎಂಜಿನ್ ರಾತ್ರಿಯಿಡೀ ತಣ್ಣಗಾಗಿತ್ತು. ರೇಡಿಯೇಟರ್ ಕೆಳಗಿನ ತಿರುಪು ಬಿಚ್ಚಿ ಬಕೆಟ್ಟಿಗೆ ಇಳಿಸಿದೆ. ಹಸಿರೋ ಕೆಂಪೋ ಬರಬೇಕಿದ್ದ ಕೂಲಂಟ್ (ಎಂಜಿನ್ ತಂಪಿಡುವ ದ್ರವ) ಬದಲು ಚಹಾ ಬಣ್ಣದ ನೀರು ಬಂತು. 4.3 ಲೀಟರ್. ಥರ್ಮೋಸ್ಟಾಟ್ ಮುಚ್ಚಳಕ್ಕೆ ಎರಡು ನಟ್, 10ರ ಸ್ಪ್ಯಾನರ್. ಒಂದು ಸುಲಭವಾಗಿ ಬಂತು. ಇನ್ನೊಂದಕ್ಕೆ ತುಕ್ಕು ಬಿಡಿಸುವ ಎಣ್ಣೆ ಹಾಕಿ ಅರ್ಧ ಗಂಟೆ ಕಾದೆ. ಮುಚ್ಚಳ ತೆಗೆದು ಬೆರಳು ಹಾಕಿದೆ. ಏನೂ ಇಲ್ಲ. ಟಾರ್ಚ್ ಬಿಟ್ಟು ನೋಡಿದೆ. ಕೆಟ್ಟ ಥರ್ಮೋಸ್ಟಾಟ್ ಅಲ್ಲ, ಥರ್ಮೋಸ್ಟಾಟೇ ಇಲ್ಲ!

ಯಾರೋ ಪುಣ್ಯಾತ್ಮ ಕಿತ್ತೆಸೆದಿದ್ದಾನೆ. ಇದು ನಮ್ಮ ಕಡೆಯ ಹಳೇ ಮದ್ದು. ಗಾಡಿ ಹೀಟ್ ಆಗುತ್ತಾ? ವಾಲ್ವ್ ತೆಗೆದುಬಿಡಿ, ನಮ್ಮ ಊರಿನ ಬಿಸಿಲಿಗೆ ಅದು ಬೇಕಾಗಿಲ್ಲ. ಚೆನ್ನೈ ಟ್ರಾಫಿಕ್ಕಿನಲ್ಲಿ ಆ ಚಿಕಿತ್ಸೆ ನಡೆದುಹೋಗಿರಬಹುದು. ಅಲ್ಲಿ ಹೀಟರ್ ಯಾರಿಗೆ ಬೇಕು? ತಳಿಯ ಮಂಜಿಗೆ ಬಂದಾಗ ಅದರ ಬಿಲ್ ನನ್ನ ಕೈಗೆ ಬಂತು.

ಹೊಸದನ್ನು ಕೂರಿಸಿದೆ, ಮುಚ್ಚಳ ಬಿಗಿದೆ, ಬಟ್ಟಿ ಇಳಿಸಿದ ನೀರನ್ನು ತಾತ್ಕಾಲಿಕವಾಗಿ ತುಂಬಿಸಿದೆ. ಕಾಯಿಲ್ ತೊಳೆಯುವುದು ಬಾಕಿ ಇತ್ತು, ದುಬಾರಿ ಕೂಲಂಟ್ ಈಗಲೇ ಸುರಿಯುವುದು ಬೇಡ ಅಂತ. ಸ್ಟಾರ್ಟ್ ಮಾಡಿದೆ. 70, 80, 88... ಖುಷಿಯಾಯಿತು. 95... 101... 104. ಓಡಿ ಬಂದು ಆಫ್ ಮಾಡಿದೆ. ಮೇಲಿನ ದಪ್ಪ ಪೈಪ್ ಸುಡುತ್ತಿತ್ತು, ಕೆಳಗಿನದು ತಣ್ಣಗೆ.

ತಪ್ಪು ನನ್ನದು. ಥರ್ಮೋಸ್ಟಾಟ್ ಅಂಚಿನಲ್ಲಿ ಅಲ್ಲಾಡುವ ಪುಟ್ಟ ಪಿನ್ ಒಂದಿರುತ್ತದೆ. ನೀರು ತುಂಬುವಾಗ ಒಳಗಿನ ಗಾಳಿ ತಪ್ಪಿಸಿಕೊಳ್ಳುವ ಕಿಂಡಿ ಅದು. ಅದು ಮೇಲೆ ಬರುವ ಹಾಗೆ ಕೂರಿಸಬೇಕು. ನಾನು ಕೆಳಗೆ ಮಾಡಿ ಕೂರಿಸಿದ್ದೆ. ಗಾಳಿ ಅಲ್ಲೇ ಸಿಕ್ಕಿಕೊಂಡು ಬಿಸಿನೀರು ಥರ್ಮೋಸ್ಟಾಟನ್ನು ಮುಟ್ಟಲೇ ಇಲ್ಲ. ಹೊಸ ಭಾಗದ ಮೇಲೆ ಅನುಮಾನಪಡುವ ಮೊದಲು ಕೂರಿಸಿದವನ ಮೇಲೆ ಪಡಬೇಕು. ಬಿಸಿಯಲ್ಲಿ ರೇಡಿಯೇಟರ್ ಮುಚ್ಚಳ ತೆಗೆಯುವ ಹುಚ್ಚು ಸಾಹಸ ಮಾತ್ರ ಮಾಡಲಿಲ್ಲ. ಸಂಜೆ ತನಕ ಕಾದು, ಮತ್ತೆ ನೀರು ಇಳಿಸಿ, ಪಿನ್ ಮೇಲೆ ಮಾಡಿ ಹಾಕಿದೆ. ರಾತ್ರಿ 8ಕ್ಕೆ ಓಡಿಸಿ ನೋಡಿದರೆ 88, 89, 90, 88. ಅಲ್ಲೇ ನಿಂತಿತು. ಮುಳ್ಳು ಮೊದಲ ಬಾರಿಗೆ ಸರಿಯಾಗಿ ಮಧ್ಯಕ್ಕೆ ಬಂತು.

ಕಿಂಡಿಯ ಗಾಳಿ: 38. ಬೆಚ್ಚಗಿದೆ, ಆದರೆ ಗಾಜು ಒಣಗಿಸಲು ಸಾಲದು. ಹೋಗುವ ಪೈಪ್ 84, ಬರುವ ಪೈಪ್ 47. ಪುಸ್ತಕದಲ್ಲಿ ಬರೆದಿಟ್ಟ ಅನುಮಾನ ನಿಜವಾಯಿತು.

ಜನವರಿ 5, ಭಾನುವಾರ. ಕಾಯಿಲ್ ತೊಳೆದದ್ದು

ಚಹಾ ಬಣ್ಣದ ನೀರಿನ ವಿಷಯದಲ್ಲಿ ಒಂದು ತಪ್ಪೊಪ್ಪಿಗೆ. ಹಿಂದಿನವರನ್ನು ಬೈದೆನಲ್ಲ, ಎರಡು ಬೇಸಿಗೆ ಕೂಲಂಟ್ ಕಡಿಮೆಯಾದಾಗ ಬೋರ್ ನೀರು ಸುರಿದವನು ನಾನೇ. ನಮ್ಮ ಬೋರ್ ನೀರಿಗೆ ಬಿಸಿನೀರಿನ ಹಂಡೆಯಲ್ಲಿ ಸುಣ್ಣದಂಥ ಪದರ ಕಟ್ಟುವುದನ್ನು ದಿನಾ ನೋಡುತ್ತೇನೆ. ಹೀಟರ್ ಕಾಯಿಲ್‌ನ ಕೊಳವೆಗಳು ಹಂಡೆಗಿಂತ ಎಷ್ಟು ಸಣ್ಣ!

ಹಿಂದಿನ ಗೋಡೆಯ ಎರಡು ಪೈಪ್ ಬಿಚ್ಚುವಾಗ ಜೋರಾಗಿ ಎಳೆಯಬಾರದು. ಒಳಗೆ ಇರುವುದು ತೆಳ್ಳನೆ ಅಲ್ಯೂಮಿನಿಯಂ ಮೂತಿ. ಅದು ಬಗ್ಗಿದರೆ ಇಡೀ ಡ್ಯಾಶ್ ಬಿಚ್ಚಬೇಕು, ಆಗ ಗ್ಯಾರೇಜಿನವ ಹೇಳಿದ 18 ಸಾವಿರ ನಿಜವಾಗುತ್ತದೆ. ಒಂದು ಪೈಪ್ ಸ್ವಲ್ಪ ತಿರುಚಿದ ಮೇಲೆ ಬಂತು. ಇನ್ನೊಂದು ಅಂಟಿಕೊಂಡಿತ್ತು. ಬ್ಲೇಡಿನಿಂದ ಉದ್ದಕ್ಕೆ ಸೀಳಿ ತೆಗೆದೆ. ಪೈಪ್ ಹೋಯಿತು, ಕಾಯಿಲ್ ಉಳಿಯಿತು. ಒಳ ಅಳತೆ 16 ಮಿ.ಮೀ. ಹೊಸೂರಿನಲ್ಲಿ ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಕ್ಲ್ಯಾಂಪ್ ಸೇರಿ 340.

ಕಾಯಿಲ್ ಎಷ್ಟು ಕಟ್ಟಿದೆ ಅಂತ ತಿಳಿಯಲು ನಾನೇ ಒಂದು ಪರೀಕ್ಷೆ ಮಾಡಿಕೊಂಡೆ. ಒಂದು ಲೀಟರ್ ಡಬ್ಬಿಯನ್ನು ಒಂದು ಮೀಟರ್ ಎತ್ತರದಲ್ಲಿ ಹಿಡಿದು, ಪಾರದರ್ಶಕ ಟ್ಯೂಬಿನಲ್ಲಿ ಕಾಯಿಲ್‌ಗೆ ನೀರು ಬಿಡುವುದು, ಆ ಕಡೆಯಿಂದ ಪೂರ್ತಿ ಹೊರಗೆ ಬರಲು ಎಷ್ಟು ಸೆಕೆಂಡ್ ಅಂತ ಎಣಿಸುವುದು. 48 ಸೆಕೆಂಡ್.

ಆಮೇಲೆ ತೋಟದ ಪೈಪನ್ನು ನೀರು ಹೊರಗೆ ಬರುವ ಕಡೆಯಿಂದ ಸಿಕ್ಕಿಸಿ ಉಲ್ಟಾ ಬಿಟ್ಟೆ. ಮೆಲ್ಲಗೆ, ಬರೀ ಕಾಲು ತಿರುವು. ಪಂಪಿನ ಪೂರ್ತಿ ಒತ್ತಡ ಬಿಟ್ಟರೆ ಕಾಯಿಲ್ ಒಡೆಯುತ್ತದೆ. ಮೊದಲು ಕಾಫಿ ಡಿಕಾಕ್ಷನ್, ಆಮೇಲೆ ಮರಳಿನಂಥ ಚೂರು, ಆಮೇಲೆ ಹಳದಿ ನೀರು. 31 ಸೆಕೆಂಡ್.

ಸಿಟ್ರಿಕ್ ಆಸಿಡ್ ಪುಡಿ ಕಾಲು ಕಿಲೋ ತಂದಿದ್ದೆ, 80 ರೂಪಾಯಿ. ಒಂದು ಲೀಟರ್ ಬೆಚ್ಚಗಿನ ನೀರಿಗೆ 60 ಗ್ರಾಂ ಕರಗಿಸಿ ತುಂಬಿಸಿ, 20 ನಿಮಿಷ ಬಿಟ್ಟು ಇಳಿಸಿದೆ. ಹೀಗೆ ಮೂರು ಸಲ. ಮೊದಲ ಸಲ ಬುರುಗು ಬಂತು, ಮೂರನೇ ಸಲ ಬರಲಿಲ್ಲ. ರಾತ್ರಿಯಿಡೀ ಬಿಟ್ಟರೆ ಇನ್ನೂ ಚೊಕ್ಕ ಆಗಬಹುದೇನೋ ಅನ್ನುವ ಆಸೆ ಬಂದದ್ದು ನಿಜ. ಅಲ್ಯೂಮಿನಿಯಂ ತಿನ್ನುತ್ತದೆ ಅಂತ ಕೈ ಕಟ್ಟಿಕೊಂಡೆ. ಆಮೇಲೆ ಸಾದಾ ನೀರು, ಕೊನೆಗೆ ಬಟ್ಟಿ ಇಳಿಸಿದ ನೀರು. 15 ಸೆಕೆಂಡ್!

ಮತ್ತೆ ಕೂಲಂಟ್. ಗಟ್ಟಿ ಕೂಲಂಟ್ 3 ಲೀಟರ್, ಬಟ್ಟಿ ಇಳಿಸಿದ ನೀರು 3 ಲೀಟರ್, ಅರ್ಧಕ್ಕರ್ಧ. ಈ ಕೂಲಂಟ್ ಕುಡಿದರೆ ವಿಷ, ಆದರೆ ರುಚಿ ಸಿಹಿ. ನಾಯಿ, ದನ ನೆಕ್ಕಿಬಿಡುತ್ತವೆ. ನಮ್ಮ ಹಸು ಕಟ್ಟುವ ಜಾಗ ಶೆಡ್ಡಿನ ಪಕ್ಕದಲ್ಲೇ ಇದೆ. ಬಕೆಟ್ ಮುಚ್ಚಿಟ್ಟೆ, ನೆಲಕ್ಕೆ ಚೆಲ್ಲಿದ್ದನ್ನು ಮಣ್ಣು ಹಾಕಿ ತೆಗೆದು ನೀರು ಸುರಿದು ತೊಳೆದೆ.

ಗಾಳಿ ಬಿಡಿಸುವುದಕ್ಕೆ ಗಾಡಿಯ ಮೂತಿ ಮೇಲೆ ಇರಬೇಕು. ಮನೆ ಮುಂದಿನ ಇಳಿಜಾರಿಗೆ ಮುಖ ಮೇಲೆ ಮಾಡಿ ನಿಲ್ಲಿಸಿದೆ. ರೇಡಿಯೇಟರ್ ಮುಚ್ಚಳ ತಣ್ಣಗಿರುವಾಗಲೇ ತೆಗೆದು, ಹೀಟರ್ ಪೂರ್ತಿ ಬಿಸಿಗೆ ಇಟ್ಟು, ಎಂಜಿನ್ ಐಡಲ್‌ನಲ್ಲಿ. ಮೇಲಿನ ಪೈಪನ್ನು ಆಗಾಗ ಹಿಸುಕುತ್ತಾ ನೀರಿನ ಮಟ್ಟ ಇಳಿದ ಹಾಗೆ ತುಂಬಿಸುತ್ತಾ ಹೋದೆ. ಡ್ಯಾಶಿನ ಹಿಂದೆ ಗುಳುಗುಳು ಸದ್ದು ಬರುತ್ತಿತ್ತು, ಅದು ಗಾಳಿ. ಇಪ್ಪತ್ತು ನಿಮಿಷಕ್ಕೆ ಸದ್ದು ನಿಂತಿತು. ಮುಚ್ಚಳ ಹಾಕಿ, ರೇಡಿಯೇಟರ್ ಫ್ಯಾನ್ ಎರಡು ಸಲ ಬಂದು ನಿಲ್ಲುವ ತನಕ ಕಾದೆ.

ಹೋಗುವ ಪೈಪ್ 86, ಬರುವ ಪೈಪ್ 74. ಕಿಂಡಿಯ ಗಾಳಿ 56. ಕೈ ಹಿಡಿಯಲಾಗಲಿಲ್ಲ. ಅಮ್ಮನನ್ನು ಕೂರಿಸಿ ಊರೊಳಗೆ ಒಂದು ಸುತ್ತು ಹೊಡೆದೆ. "ಸಾಕು ಕಮ್ಮಿ ಮಾಡಪ್ಪಾ, ಬೇಯ್ತಾ ಇದೀನಿ" ಅಂದರು. ಇಷ್ಟು ಸಂತೋಷ ಕೊಟ್ಟ ಬೈಗುಳ ಇನ್ನೊಂದಿಲ್ಲ.

ಮುಗಿಯಿತು ಅಂದುಕೊಂಡೆ.

ಜನವರಿ 6ರಿಂದ 11. ಮತ್ತೆ ಅದೇ ರಾಗ

ಸೋಮವಾರ ಬೆಳಿಗ್ಗೆ ಆಟೋದಲ್ಲಿ 25 ಇಟ್ಟೆ. ಬಿಸಿಗಾಳಿ ಜುಮ್ಮಂತ ಬಂತು. ಐದು ನಿಮಿಷ. ಆಮೇಲೆ ತಣ್ಣಗೆ! ಪೂರ್ತಿ ಬಿಸಿಗೆ ಇಟ್ಟರೆ 56, ಆಟೋದಲ್ಲಿ 25 ಇಟ್ಟರೆ 20ರ ಗಾಳಿ. ಒಳಗೆ ಚಳಿಯಿದೆ, ಆದರೆ ಗಾಡಿ "ಸಾಕು, ಬಿಸಿಯಾಯ್ತು" ಅಂತ ವಾದಿಸುತ್ತಿದೆ. ಬಿಸಿಲಲ್ಲಿ ಕೋಡ್ ನೋಡಿದೆ, 00.

ಇಲ್ಲಿ ಎರಡು ದಿನ ಸುಮ್ನೆ ತಲೆ ಕೆರೆದುಕೊಂಡೆ. ಬೀರುವಿನಲ್ಲಿದ್ದ ಮೋಟಾರನ್ನು ಮತ್ತೆ ಹಾಕೋಣವೇ ಅನ್ನುವ ಯೋಚನೆಯೂ ಬಂತು.

ಜನವರಿ 12, ಭಾನುವಾರ. ಟಿಶ್ಯೂ ಪೇಪರಿನ ತುಂಡು

ಸ್ಟೀರಿಂಗ್ ಪಕ್ಕ ಡ್ಯಾಶಿನಲ್ಲಿ ಐದಾರು ಗೆರೆಯ ಪುಟ್ಟ ಜಾಲರಿ ಇದೆ. ಅದರ ಹಿಂದೆ ಕ್ಯಾಬಿನ್ನಿನ ಶಾಖ ನೋಡುವ ಸೆನ್ಸರ್. ಕ್ಯಾಬಿನ್ ಗಾಳಿ ಅದರ ಮೇಲೆ ಹರಿಯಬೇಕು ಅಂತ ಹಿಂದೆ ಒಂದು ಸಣ್ಣ ಕೊಳವೆ ಇರುತ್ತದೆ. ಫ್ಯಾನ್ ಓಡಿದಾಗ ಆ ಕೊಳವೆ ಜಾಲರಿಯಿಂದ ಗಾಳಿಯನ್ನು ಮೆಲ್ಲಗೆ ಹೀರುತ್ತದೆ. ಪರೀಕ್ಷೆ ತೀರಾ ಸುಲಭ. ಫ್ಯಾನ್ ಜೋರಾಗಿಟ್ಟು ಟಿಶ್ಯೂ ಪೇಪರಿನ ಬೆರಳುಗುರಿನಷ್ಟು ತುಂಡನ್ನು ಜಾಲರಿಗೆ ಹಿಡಿದರೆ ಅಂಟಿಕೊಂಡು ನಿಲ್ಲಬೇಕು. ನನ್ನದು ನೇರ ಕೆಳಗೆ ಬಿತ್ತು.

ಫಲಕ ಮೀಟಿ ತೆಗೆದೆ. ಈ ಸಲ ಹಳೇ ಎಟಿಎಂ ಕಾರ್ಡಿಗೆ ಬಟ್ಟೆ ಸುತ್ತಿ ಮೀಟಿದೆ, ಕ್ಲಿಪ್ ಒಂದೂ ಮುರಿಯಲಿಲ್ಲ. ಸೆನ್ಸರ್ ತುಂಬಾ ಧೂಳು, ಒಂದು ಜೇಡರ ಗೂಡು. ಪೆನ್ಸಿಲ್ ದಪ್ಪದ ಆ ಕೊಳವೆ ಕಳಚಿಕೊಂಡು ನೇತಾಡುತ್ತಿತ್ತು. ಅದರ ಪಕ್ಕದಲ್ಲೇ ಟಚ್ ಸ್ಕ್ರೀನ್ ಸ್ಟೀರಿಯೋದ ಹೆಚ್ಚುವರಿ ವೈರುಗಳ ಕಟ್ಟು. ಎರಡು ವರ್ಷದ ಹಿಂದೆ ಆಕ್ಸೆಸರಿ ಅಂಗಡಿಯೊಂದರಲ್ಲಿ ಆ ಸ್ಕ್ರೀನ್ ಹಾಕಿಸಿದ್ದೆ. ಅರ್ಧ ಗಂಟೆಯಲ್ಲಿ ಕೆಲಸ ಮುಗಿಸಿದ್ದರು. ಎಷ್ಟು ಬೇಗ ಅಂತ ಆಗ ಮೆಚ್ಚಿಕೊಂಡಿದ್ದೆ.

ಕೊಳವೆ ಬಿಟ್ಟುಹೋದದ್ದರಿಂದ ಸೆನ್ಸರ್ ನೋಡುತ್ತಿದ್ದದ್ದು ಕ್ಯಾಬಿನ್ನಿನ ಗಾಳಿಯನ್ನಲ್ಲ, ಡ್ಯಾಶಿನ ಹಿಂದಿನ ಗಾಳಿಯನ್ನು. ಸ್ಟೀರಿಯೋ ಮತ್ತು ಹೀಟರ್ ಎರಡೂ ಓಡುವಾಗ ಕಡ್ಡಿ ಥರ್ಮಾಮೀಟರನ್ನು ಅಲ್ಲಿಗೆ ತೂರಿಸಿ ನೋಡಿದೆ. ಅಲ್ಲಿ 34, ಸೀಟಿನ ಮೇಲೆ 19. ಗಾಡಿ ತನಗೆ ಸಿಕ್ಕ ಮಾಹಿತಿಗೆ ಸರಿಯಾಗಿಯೇ ನಡೆದುಕೊಂಡಿತ್ತು. ಸೆನ್ಸರಿನ ವಿದ್ಯುತ್ ತಡೆಯನ್ನು ಮಲ್ಟಿಮೀಟರಿನಲ್ಲಿ ಅಳೆದೆ. 22 ಡಿಗ್ರಿಗೆ 1.95 ಕಿಲೋ ಓಮ್. 25ಕ್ಕೆ 1.7ರ ಹತ್ತಿರ ಇರಬೇಕು, ತಣ್ಣಗಾದಷ್ಟೂ ಏರಬೇಕು. ಸರಿಯಾಗಿದೆ. ಕೋಡ್ ಬಾರದಿದ್ದುದು ಇದಕ್ಕೇ. ವೈರ್ ತುಂಡಾದರೆ, ಶಾರ್ಟ್ ಆದರೆ ಅದು ಹೇಳುತ್ತದೆ. ಬೇರೆ ಜಾಗದ ಗಾಳಿ ನೋಡುತ್ತಿದ್ದೇನೆ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು?

ಮೆತ್ತನೆ ಬ್ರಷ್ಷಿನಿಂದ ಸೆನ್ಸರ್ ಒರೆಸಿದೆ, ಕೊಳವೆ ತಳ್ಳಿ ಕೂರಿಸಿದೆ, ಕೇಬಲ್ ಟೈ ಹಾಕಿದೆ. ಟಿಶ್ಯೂ ಅಂಟಿಕೊಂಡಿತು. ಹನ್ನೊಂದು ನಿಮಿಷದ ಕೆಲಸ. ಖರ್ಚು ಸೊನ್ನೆ.

ಖರ್ಚಿನ ಲೆಕ್ಕ

ಬೇಡದ ಮೋಟಾರು 2,650. ಗಿಡ್ಡ ಸ್ಕ್ರೂಡ್ರೈವರ್ 90. ಡಾಂಗಲ್ 550. ಕಡ್ಡಿ ಥರ್ಮಾಮೀಟರ್ 250. ಥರ್ಮೋಸ್ಟಾಟ್ 1,150. ಪೈಪ್, ಕ್ಲ್ಯಾಂಪ್ 340. ಸಿಟ್ರಿಕ್ ಆಸಿಡ್ 80. ಕೂಲಂಟ್ 1,080. ಬಟ್ಟಿ ಇಳಿಸಿದ ನೀರು 15 ಲೀಟರ್ 330. ಒಟ್ಟು 6,520. ನಿಜವಾಗಿ ಗಾಡಿಗೆ ಬೇಕಾದ ಸಾಮಾನು ಮಾತ್ರ ಎಣಿಸಿದರೆ 2,980. ಬೆಂಗಳೂರಿಗೆ ಹೋಗಿಬಂದ ಪೆಟ್ರೋಲ್ ಹಾಕಿಲ್ಲ, ಹೆಂಡತಿ ಹಾಕುತ್ತಾಳೆ.

ಪೆಟ್ರೋಲ್ ಅಂದಾಗ ನೆನಪಾಯಿತು. ಟ್ಯಾಂಕ್ ತುಂಬಿಸಿ ತುಂಬಿಸಿ ಲೆಕ್ಕ ಹಾಕಿದರೆ ಲೀಟರಿಗೆ 12.8 ಕೊಡುತ್ತಿದ್ದದ್ದು ಈಗ 14.1. ಎಂಜಿನ್ ತಣ್ಣಗಿದ್ದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ. ಮೂರು ವರ್ಷ ಹಾಗೆ ಕುಡಿಸಿದ್ದೇನೆ.

ಜನವರಿ 13, ಸೋಮವಾರ

ಭೋಗಿ. ಬೆಳಗಿನ ಜಾವವೇ ಬೀದಿ ಬೀದಿಯಲ್ಲಿ ಹಳೇ ಚಾಪೆ, ಪೊರಕೆ ಸುಡುತ್ತಿದ್ದರು. ಮಂಜಿನ ಜೊತೆ ಹೊಗೆ. ಹೊಗೆ ಒಳಗೆ ಬರಬಾರದು ಅಂತ ಒಳಗಾಳಿಗೆ ಇಟ್ಟೆ. ಎರಡೇ ನಿಮಿಷಕ್ಕೆ ಗಾಜು ಬೆಳ್ಳಗೆ. ನಾಲ್ಕು ಜನರ ಉಸಿರು ಒಳಗೇ ಸುತ್ತುತ್ತದೆ ಅಲ್ವಾ. ಹೊರಗಾಳಿಗೆ ತಿರುಗಿಸಿ, ಮುಂದಿನ ಗಾಜಿನ ಬಟನ್ ಒತ್ತಿದೆ. ಎಸಿಯೂ ತಾನೇ ಆನ್ ಆಯಿತು. ಹಿಂದೆ ಕೂತವರೊಬ್ಬರು "ಚಳಿಯಲ್ಲಿ ಎಸಿ ಯಾಕ್ರೀ" ಅಂದರು. ಎಸಿ ಗಾಳಿಯ ತೇವ ತೆಗೆಯುತ್ತದೆ, ಹೀಟರ್ ಅದನ್ನು ಬಿಸಿ ಮಾಡಿ ಕಳಿಸುತ್ತದೆ. 40 ಸೆಕೆಂಡಿಗೆ ಗಾಜು ಕೆಳಗಿನಿಂದ ಮೇಲಕ್ಕೆ ತೆರೆದುಕೊಂಡಿತು. ಸ್ವಲ್ಪ ಹೊಗೆ ವಾಸನೆ ಬಂತು, ಪರವಾಗಿಲ್ಲ. ಮತ್ತಿಗಿರಿ ದಾಟುವಾಗ ನೀರಿನ ಶಾಖ 89, ಕಿಂಡಿ 47, ಸೆಟ್ ಮಾಡಿದ್ದು 25, ಸೀಟಿನ ಮೇಲೆ 24.

ಬಾಕಿ ಇರುವುದು ಎರಡು. ಎಡಗಡೆ ಕಿಂಡಿಯ ಗಾಳಿ ಬಲಗಡೆಗಿಂತ 4 ಡಿಗ್ರಿ ಕಡಿಮೆ ಬರುತ್ತಿದೆ. ಕಾಯಿಲ್‌ನ ಒಂದು ಮೂಲೆ ಇನ್ನೂ ಕಟ್ಟಿರಬಹುದು. ಮತ್ತೆ ಕೂಲಂಟ್ ಡಬ್ಬಿಯಲ್ಲಿ ಮಟ್ಟ ವಾರದಲ್ಲಿ ಸುಮಾರು 200 ಮಿ.ಲೀ. ಇಳಿದಿತ್ತು. ಉಳಿದಿದ್ದ ಗಾಳಿ ಹೊರಟಿರಬೇಕು, ತುಂಬಿಸಿದ್ದೇನೆ. ಸೀಳಿ ಬದಲಾಯಿಸಿದ ಪೈಪಿನ ಕೆಳಗೆ ಹಳೇ ಪೇಪರ್ ಹಾಸಿಟ್ಟಿದ್ದೇನೆ. ಇವತ್ತು ಸಂಜೆ ನೋಡಿದಾಗ ಒಣಗಿತ್ತು.